ಕಿರಿಯವನ ಹೆಜ್ಜೆ

ಮಗಳ ಮನೆಯಲ್ಲಿ ಒಂದು ಚಳಿಗಾಲವನ್ನು ಕಳೆಯಲೆಂದು ಓಸ್ಲೋ ನಗರಕ್ಕೆ ಹೋಗಿದ್ದಾಗ, ಭಾನುವಾರದ ಬೆಳಗ್ಗೆ ಅಲ್ಲಿಯ ಜನ ತಮ್ಮ ತಲೆಗಿಂತ ಎತ್ತರವಾದ ಸ್ಕೀ ಹಲಗೆಗಳನ್ನು ಹೆಗಲ ಮೇಲಿಟ್ಟು, ಮಕ್ಕಳನ್ನು ಮುಂದಿಟ್ಟುಕೊಂಡು, ಜಾತ್ರೆಗೆ ಹೊರಟವರಂತೆ ನಗರದ ರೈಲನ್ನೇರುವುದನ್ನು ಕಂಡೆ. ಆ ರೈಲು ಮನೆಗಳ ಸಾಲನ್ನು ಹಿಂದಿಕ್ಕಿ, ಹೋಲ್ಮೆನ್‌ಕೋಲೆನ್ ಬೆಟ್ಟವನ್ನು ಬಳಸಿ ಮೇಲೇರಿ, ಫ್ರೊಗ್ನರ್‌ಸೆಟೆರೆನ್ ಎಂಬ ಕಡೆಯ ನಿಲ್ದಾಣದಲ್ಲಿ ಅವರನ್ನು ಇಳಿಸುತ್ತದೆ. ಅಲ್ಲಿಂದ ಮುಂದೆ ನೂರ್‌ಮಾರ್ಕಾ ಅರಣ್ಯ. 1883ರಲ್ಲಿ ಸ್ಥಾಪಿತವಾದ ಸ್ಕೀ ಸಂಘವೊಂದು ಆ ಕಾಡಿನ ದಾರಿಗಳನ್ನು ಇಂದಿಗೂ ಪಾಲಿಸುತ್ತಿದೆ. ಯಂತ್ರವು ಹಿಮವನ್ನು ಅದುಮಿ, ಬಂಡಿಯ ಜಾಡಿನಂತೆ ಎರಡು ಗೆರೆಗಳನ್ನು ಕೊರೆದು ಹೋಗುತ್ತದೆ. ಮರಗಳ ಮೈಮೇಲಿನ ಕೆಂಪು ಗುರುತು ಚಳಿಗಾಲದ ಸ್ಕೀ ದಾರಿಯನ್ನೂ, ನೀಲಿ ಗುರುತು ಬೇಸಗೆಯ ಕಾಲುದಾರಿಯನ್ನೂ ತೋರುತ್ತವೆ.

ಮಗಳು ಸೇರಿಕೊಂಡಿದ್ದುದು ಏಳೆಂಟು ಸಂಸಾರಗಳ ಒಂದು ಗುಂಪು. ಅದಕ್ಕೆ ಅಧ್ಯಕ್ಷರೂ ಇರಲಿಲ್ಲ, ಚಂದಾ ಹಣವೂ ಇರಲಿಲ್ಲ. ಇದ್ದುದು ಒಂದೇ ಕಟ್ಟಳೆ: ಸ್ಕೀ ತೊಟ್ಟವರಲ್ಲಿ ಎಲ್ಲರಿಗಿಂತ ಕಿರಿಯ ಮಗು ಮುಂದೆ ನಡೆಯಬೇಕು, ಯಾರೂ ಅದನ್ನು ದಾಟಿ ಹೋಗತಕ್ಕುದಲ್ಲ. ಪುಟ್ಟ ಮಕ್ಕಳ ಕೈಗೆ ಮೊದಮೊದಲು ಕೋಲುಗಳನ್ನು ಕೊಡುವುದಿಲ್ಲ. ಕೊಟ್ಟರೆ ಮಗು ಕೋಲಿಗೆ ಆತುಕೊಳ್ಳುವುದನ್ನು ಕಲಿಯುತ್ತದೆಯೇ ಹೊರತು, ಒಂದೇ ಕಾಲಿನ ಮೇಲೆ ಮೈತೂಕವನ್ನು ನಿಲ್ಲಿಸಿ ಜಾರುವುದನ್ನಲ್ಲ. ಬಿದ್ದ ಮಗುವನ್ನು ಎತ್ತುವ ವಾಡಿಕೆಯೂ ಅಲ್ಲಿಲ್ಲ. ಅದು ಎರಡೂ ಹಲಗೆಗಳನ್ನು ಇಳಿಜಾರಿಗೆ ಅಡ್ಡವಾಗಿ ಜೋಡಿಸಿಕೊಂಡು, ಮೊಳಕಾಲೂರಿ, ತಾನಾಗಿ ಏಳುವತನಕ ದೊಡ್ಡವರು ಪಕ್ಕದಲ್ಲಿ ನಿಂತಿರುತ್ತಾರೆ. ಸ್ಕೀ ಬಾರದ ನಾನು ಜಾಡನ್ನು ತುಳಿದು ಕೆಡಿಸದಂತೆ ಅಂಚಿನಲ್ಲಿ ನಡೆಯುತ್ತಿದ್ದವನು, ಐದು ವರ್ಷದ ಮೊಮ್ಮಗ ಬಿದ್ದಾಗಲೆಲ್ಲ ಕೈ ಚಾಚದೆ ಇರುವುದು ಎಷ್ಟು ಕಷ್ಟವೆಂಬುದನ್ನು ಅಲ್ಲಿ ಅರಿತೆ.

ಅವನ ಕಷ್ಟ ಬೀಳುವುದರಲ್ಲಿ ಮಾತ್ರವೇ ಇರಲಿಲ್ಲ. ಸಣ್ಣದೊಂದು ಏರು ಬಂದರೂ ಅವನು ಮುಂದಿಟ್ಟ ಕಾಲು ಹಿಂದಕ್ಕೇ ಸರಿಯುತ್ತಿತ್ತು. “ತಾತಾ, ನಾನು ಮುಂದೆ ಹೋದ್ರೆ ಇದು ಹಿಂದೆ ಹೋಗತ್ತೆ” ಎಂದು ಎರಡನೆಯ ಭಾನುವಾರ ಅವನು ಹಿಮದಲ್ಲಿ ಕುಳಿತು ಅತ್ತುಬಿಟ್ಟ. ಗುಂಪಿನ ಹಿರಿಯ ಹೆಂಗಸೊಬ್ಬರು ಅವನ ಸ್ಕೀಗಳನ್ನು ಬಿಚ್ಚಿ, ತಳಕ್ಕೆ ತಳ ಸೇರಿಸಿ ಕೈಯಿಂದ ಹಿಂಡಿ ನೋಡಿ, ಸಂಜೆ ನಮ್ಮ ಮನೆಗೆ ಬಂದರು. ಸ್ಕೀ ಬಿಲ್ಲಿನಂತೆ ನಡುವೆ ಕೊಂಚ ಬಾಗಿರುತ್ತದೆ. ಜಾರುವಾಗ ಅದರ ಎರಡು ತುದಿಗಳು ಹಿಮವನ್ನು ಸೋಕುತ್ತವೆ, ಒಂದೇ ಕಾಲಿನ ಮೇಲೆ ಮೈಭಾರ ಬಿದ್ದಾಗ ಮಾತ್ರ ನಡುಭಾಗ ಕೆಳಗಿಳಿದು, ಅಲ್ಲಿ ಹಚ್ಚಿದ ಮೇಣ ಹಿಮದ ಹರಳುಗಳನ್ನು ಕಚ್ಚಿ ಹಿಡಿಯುತ್ತದೆ. ಆಕೆ ಮಗುವನ್ನು ನೆಲದ ಮೇಲೆ ಸ್ಕೀ ತೊಡಿಸಿ ನಿಲ್ಲಿಸಿ, ಪಾದದ ಕೆಳಗೊಂದು ಕಾಗದವನ್ನು ತೂರಿಸಿದರು. ಎರಡೂ ಕಾಲ ಮೇಲೆ ನಿಂತಾಗ ಕಾಗದ ಸಲೀಸಾಗಿ ಸರಿದಾಡಬೇಕು, ಒಂಟಿಕಾಲಲ್ಲಿ ನಿಂತಾಗ ಸಿಕ್ಕಿಕೊಳ್ಳಬೇಕು. ನಮ್ಮವನು ಒಂಟಿಕಾಲಲ್ಲಿ ನಿಂತಾಗಲೂ ಕಾಗದ ಸರಾಗವಾಗಿ ಹೊರಬಂದಿತು. ಬೆಳೆಯುವ ಮಗುವಿಗೆ ಒಂದು ಅಳತೆ ದೊಡ್ಡದಾದ ಅಂಗಿಯನ್ನು ಹೊಲಿಸುವ ನಮ್ಮ ಕಡೆಯ ಪದ್ಧತಿಯಂತೆ ಮಗಳು ಸ್ಕೀಯನ್ನೂ ಉದ್ದವಾದುದನ್ನೇ ಕೊಂಡಿದ್ದಳು. ಆ ಬಿಗಿಯಾದ ಬಿಲ್ಲನ್ನು ಅದುಮಲು ಆ ಎಳೆಯ ಮೈಯಲ್ಲಿ ಭಾರವಿರಲಿಲ್ಲ. ಎರಡು ವಾರ “ಇನ್ನೂ ಗಟ್ಟಿಯಾಗಿ ಹೆಜ್ಜೆಯಿಡು” ಎಂದು ನಾವು ಹೇಳಿದುದೆಲ್ಲ ಅನ್ಯಾಯವೆಂದು ನನಗೆ ಬಹಳ ನೋವಾಯಿತು. ಮರುದಿನವೇ ಗುಂಪಿನ ಬೇರೊಂದು ಮನೆಯಿಂದ ಚಿಕ್ಕದೊಂದು ಹಳೆಯ ಜೋಡಿ ಬಂದಿತು. ಅದರ ಬೆನ್ನ ಮೇಲೆ ಮೊದಲು ತೊಟ್ಟ ಮೂವರು ಮಕ್ಕಳ ಹೆಸರು ಅರ್ಧ ಮಾಸಿ ಉಳಿದಿದ್ದವು.

ಮುಂದಿನ ಭಾನುವಾರ ತಂದೆಯೊಬ್ಬರು ವರ್ಷದ ಕೂಸನ್ನು ಪುಟ್ಟ ಜಾರುಬಂಡಿಯಲ್ಲಿ ಮಲಗಿಸಿ, ಅದನ್ನು ಸೊಂಟಕ್ಕೆ ಕಟ್ಟಿ ಎಳೆದು ತಂದಿದ್ದರು. ಅದನ್ನು ನೋಡಿ ಆ ಹಿರಿಯಾಕೆ ನನಗೆ 1206ರ ಚಳಿಗಾಲದ ಕಥೆಯನ್ನು ಹೇಳಿದರು: ನಾರ್ವೆಯ ಸಿಂಹಾಸನದ ಕಲಹದಲ್ಲಿ ಪ್ರಾಣಭಯಕ್ಕೊಳಗಾದ ಶಿಶು ಹೋಕನ್‌ನನ್ನು ಬಿರ್ಕೆಬೈನರ್ ಎಂಬ ಬಣದ ಇಬ್ಬರು ಯೋಧರು ಎತ್ತಿಕೊಂಡು, ಲಿಲ್ಲೆಹಮ್ಮರ್‌ನಿಂದ ಬೆಟ್ಟ ದಾಟಿ ಸ್ಕೀಯ ಮೇಲೆ ಪಾರುಮಾಡಿದರು, 1217ರಲ್ಲಿ ಆ ಮಗು ದೊರೆಯಾಯಿತು. 1932ರಿಂದ ನಡೆದುಬಂದ ಬಿರ್ಕೆಬೈನರ್ ಓಟದಲ್ಲಿ ಸ್ಪರ್ಧಿಗಳು ಆ ಕೂಸಿನ ನೆನಪಿಗೆ 3.5 ಕಿಲೋ ಭಾರವನ್ನು ಬೆನ್ನಿಗೆ ಹೊರುವ ಸಂಪ್ರದಾಯವಿದೆ.

ಅಂದಿನ ಹಿಮಕ್ಕೆ ನೀಲಿ ಮೇಣ. ಕಡುಚಳಿಗೆ ಹಸಿರು, ಹಿಮ ಕರಗತೊಡಗಿದರೆ ಕೆಂಪು ಎಂಬುದನ್ನು ಮೊಮ್ಮಗ ನನಗೆ ಕಲಿಸಿಯಾಗಿತ್ತು. ಕಿತ್ತಳೆಯ ಸಿಪ್ಪೆ ಸುಲಿದು ತಿಂದು, ಉಣ್ಣೆಯ ಕೈಗವಸುಗಳನ್ನು ಮತ್ತೆ ತೊಟ್ಟು, ಎಲ್ಲರೂ ಅದೇ ಏರಿನ ಬುಡಕ್ಕೆ ಬಂದರು. ಅವನು ಬಲಗಾಲನ್ನು ಮುಂದಿಟ್ಟ, ಅದು ನಿಂತಿತು. ಎಡಗಾಲು, ಅದೂ ನಿಂತಿತು. ಅರ್ಧ ಏರಿನಲ್ಲಿ ನಿಂತು ತನ್ನ ಕಾಲನ್ನೇ ಬಹಳ ಹೊತ್ತು ನೋಡಿದ. ಅವನ ಹಿಂದೆ, ದಿನಕ್ಕೆ ಹತ್ತಾರು ಮೈಲಿಗಳನ್ನು ಲೀಲೆಯಿಂದ ಸಾಗಬಲ್ಲ ಆ ಹಿರಿಯರೆಲ್ಲ ಕೋಲುಗಳ ಮೇಲೆ ಕೈಯೂರಿ, ಇಳಿಜಾರಿನುದ್ದಕ್ಕೂ ಒಬ್ಬರ ಹಿಂದೊಬ್ಬರು, ಮಾತಿಲ್ಲದೆ ಕಾದು ನಿಂತಿದ್ದರು.