ಮೊದಲ ಕಳ್ಳನ ವಿಚಾರಣೆ

ನಮ್ಮ ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಎಂಬ ಹೆಸರಿತ್ತೆಂದು ಚರಿತ್ರೆಯ ಪಾಠದಲ್ಲಿ ಹೇಳಿದೊಡನೆ ತರಗತಿಯಲ್ಲಿ ನಗು ಏಳುತ್ತಿತ್ತು. "ಮತ್ತೆ ಓಪನ್ ಆದದ್ದು ಯಾವಾಗ ಸಾರ್?" ಎಂಬ ಪ್ರಶ್ನೆ ಹಿಂದಿನ ಬೆಂಚಿನಿಂದ ವರ್ಷ ವರ್ಷವೂ ತಪ್ಪದೆ ಬರುತ್ತಿತ್ತು. ಕ್ಲೋಸ್ ಎಂಬುದು ಒಬ್ಬ ಮನುಷ್ಯನ ಹೆಸರು, ಆತ ಮೈಸೂರಿನ ಮೊದಲ ಬ್ರಿಟಿಷ್ ರೆಸಿಡೆಂಟ್ ಬ್ಯಾರಿ ಕ್ಲೋಸ್ ಎಂದು ವಿವರಿಸಿ ನಾನು ಪಾಠ ಮುಂದುವರಿಸುತ್ತಿದ್ದೆ. ಆ ಹೆಸರಿನ ಹಿಂದಿನ ಕಥೆಯನ್ನು ಪೂರ್ತಿಯಾಗಿ ಹೇಳುವ ಸಂದರ್ಭ ಒದಗಿದ್ದು ನಿವೃತ್ತಿಯಾದ ಎಷ್ಟೋ ಕಾಲದ ಮೇಲೆ, ಅದೂ ಒಂದು ಪತ್ತೇದಾರಿ ಧಾರಾವಾಹಿಯ ನೆಪದಿಂದ.

ವಿಲ್ಕಿ ಕಾಲಿನ್ಸ್ ೧೮೬೮ರಲ್ಲಿ ಬರೆದ 'ದಿ ಮೂನ್‌ಸ್ಟೋನ್' ಇಂಗ್ಲಿಷಿನ ಮೊದಮೊದಲ ಪತ್ತೇದಾರಿ ಕಾದಂಬರಿಗಳಲ್ಲೊಂದು. ಬಿಬಿಸಿಯವರು ೨೦೧೬ರಲ್ಲಿ ಅದನ್ನು ಐದು ಕಂತುಗಳ ಧಾರಾವಾಹಿಯಾಗಿ ತೆಗೆದಿದ್ದರು. ಮಗಳ ಮನೆಗೆ ಹೋಗಿದ್ದಾಗ ಮೊಮ್ಮಗಳೊಡನೆ ಕುಳಿತು ಅದನ್ನು ನೋಡಿದೆ. ಯಾರ್ಕ್‌ಷೈರಿನ ಶ್ರೀಮಂತರ ಮನೆಯಲ್ಲಿ ರೇಚಲ್ ಎಂಬ ತರುಣಿಗೆ ಹದಿನೆಂಟನೆಯ ಹುಟ್ಟುಹಬ್ಬದಂದು ಸೋದರಮಾವ ಬಿಟ್ಟುಹೋದ ಹಳದಿ ವಜ್ರವೊಂದು ದೊರೆಯುತ್ತದೆ. ಅದೇ ರಾತ್ರಿ ಮಾಯವಾಗುತ್ತದೆ. ಸಾರ್ಜೆಂಟ್ ಕಫ್ ಎಂಬ ಪೊಲೀಸ್ ಅಧಿಕಾರಿ ಲಂಡನ್ನಿನಿಂದ ಬರುತ್ತಾನೆ. ಕದ್ದವರ ಹೆಸರು ಹೇಳಿ ನಿಮ್ಮ ಓದಿನ ಸುಖವನ್ನು ಕೆಡಿಸಲಾರೆ. ಆದರೆ ಕೊನೆಯ ಕಂತು ಮುಗಿದ ಮೇಲೆ ಮೊಮ್ಮಗಳು ಕೇಳಿದ ಪ್ರಶ್ನೆಯನ್ನು ಹೇಳಲೇಬೇಕು: "ತಾತ, ಆ ಸೋದರಮಾವನಿಗೆ ವಜ್ರ ಸಿಕ್ಕಿದ್ದೇ ಕಳ್ಳತನದಿಂದ ಅಲ್ಲವಾ? ಅದನ್ನು ಯಾಕೆ ಯಾರೂ ಪತ್ತೆ ಮಾಡುವುದಿಲ್ಲ?"

ಕಾದಂಬರಿಯ ಪ್ರಸ್ತಾವನೆ ಇರುವುದು ಇಂಗ್ಲೆಂಡಿನಲ್ಲಲ್ಲ, ನಮ್ಮ ಶ್ರೀರಂಗಪಟ್ಟಣದಲ್ಲಿ. ೧೭೯೯ರ ಮೇ ೪ರಂದು ಕೋಟೆ ಬಿದ್ದು ಟಿಪ್ಪು ಸುಲ್ತಾನನು ಮಡಿದ ದಿನ ಅದು. ಹರ್ನ್‌ಕ್ಯಾಸಲ್ ಎಂಬ ಕಲ್ಪಿತ ಅಧಿಕಾರಿ ಆಯುಧಶಾಲೆಯಲ್ಲಿ ಒಂದು ಕೈಯಲ್ಲಿ ಪಂಜು, ಇನ್ನೊಂದರಲ್ಲಿ ರಕ್ತಸಿಕ್ತ ಕಠಾರಿ ಹಿಡಿದು ನಿಂತಿರುತ್ತಾನೆ. ಕಠಾರಿಯ ಹಿಡಿಯಲ್ಲಿ ಆ ವಜ್ರ. ಸುತ್ತಲೂ ಕಾವಲಿನವರ ಹೆಣಗಳು. ಅವನ ದಾಯಾದಿಯೊಬ್ಬ ಇದನ್ನು ಕಂಡರೂ, ಕೊಂದದ್ದನ್ನು ಕಣ್ಣಾರೆ ನೋಡಲಿಲ್ಲವೆಂದು ದೂರು ಕೊಡದೆ ಸುಮ್ಮನಾಗುತ್ತಾನೆ. ಮನೆಯೊಳಗಿನ ಕಳ್ಳತನಕ್ಕೆ ಪೊಲೀಸರು ಬಂದರು. ಆಯುಧಶಾಲೆಯ ಕೊಲೆಗೆ ಸಾಕ್ಷಿ ಇದ್ದೂ ವಿಚಾರಣೆ ನಡೆಯಲಿಲ್ಲ.

ಮೊಮ್ಮಗಳಿಗೆ ನಾನು ನಮ್ಮ ಸೀಮೆಯ ದಾರಿಗಳಿಂದಲೇ ಉತ್ತರ ಹೇಳತೊಡಗಿದೆ. ವಜ್ರವೂ ಹರ್ನ್‌ಕ್ಯಾಸಲನೂ ಕಟ್ಟುಕಥೆ. ಆದರೆ ಆ ಸೈನ್ಯ ಕಟ್ಟುಕಥೆಯಲ್ಲ. ೧೭೯೧ರ ಡಿಸೆಂಬರ್ ೨೧ರಂದು ಕಾರ್ನ್‌ವಾಲಿಸನ ಸೇನೆ ಮಾಗಡಿ ಸೀಮೆಯ ಸಾವನದುರ್ಗವನ್ನು ಹಿಡಿಯಿತು. ಹತ್ತು ವರ್ಷ ಹಿಂದೆ ಅಮೆರಿಕದ ಯಾರ್ಕ್‌ಟೌನಿನಲ್ಲಿ ಶರಣಾಗಿದ್ದ ಕಾರ್ನ್‌ವಾಲಿಸನೇ ಈತ. ಅದೇ ತಿಂಗಳಲ್ಲಿ ರಾಮಗಿರಿಯ ಕೋಟೆಯೂ, ಅಂದರೆ ನಮ್ಮ ರಾಮದೇವರ ಬೆಟ್ಟವೂ, ಅವರ ವಶವಾಯಿತು. ಸೈನ್ಯದೊಡನೆ ಬಂದಿದ್ದ ರಾಬರ್ಟ್ ಹೋಮ್ ಎಂಬ ಕಲಾವಿದನು ಈ ಬೆಟ್ಟಗಳ ಚಿತ್ರಗಳನ್ನು ಬರೆದು ೧೭೯೪ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದನು. ೧೭೯೯ರಲ್ಲಿ ಜನರಲ್ ಹ್ಯಾರಿಸನು ಚನ್ನಪಟ್ಟಣದ ಹೆದ್ದಾರಿಯನ್ನು ಬಿಟ್ಟು ಕಾನಕಾನಹಳ್ಳಿಯ, ಎಂದರೆ ಇಂದಿನ ಕನಕಪುರದ, ದಾರಿ ಹಿಡಿದು ಮಳವಳ್ಳಿಗೆ ನಡೆದನು. ಹರ್ನ್‌ಕ್ಯಾಸಲನನ್ನು ಕಾಲಿನ್ಸ್ ಸೇರಿಸಿದ್ದು ಇದೇ ಸೈನ್ಯದಲ್ಲಿ. ಅದರ ಅಡ್ಜುಟೆಂಟ್ ಜನರಲ್ ಆಗಿದ್ದವನು ಬ್ಯಾರಿ ಕ್ಲೋಸ್.

ಕೋಟೆ ಬಿದ್ದ ರಾತ್ರಿ ಶ್ರೀರಂಗಪಟ್ಟಣದಲ್ಲಿ ಸೂರೆಗೊಳ್ಳದ ಮನೆ ಇರಲಿಲ್ಲವೆಂಬಷ್ಟು ಲೂಟಿಯಾಯಿತು. ಮಾರನೆಯ ದಿನ ಅಧಿಕಾರ ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿ ಕೆಲವು ಲೂಟಿಕೋರರನ್ನು ಗಲ್ಲಿಗೇರಿಸಿ ಹತೋಟಿಗೆ ತಂದನು. ಆದರೆ ಅರಮನೆಯ ಭಂಡಾರವನ್ನು ಅಧಿಕೃತವಾಗಿ ಎಣಿಸಿ, ಸೈನ್ಯದಲ್ಲಿ ಪದವಿಗೆ ತಕ್ಕಂತೆ ಹಂಚಿದರು. ಲೆಕ್ಕವಿಲ್ಲದೆ ಎತ್ತಿಕೊಂಡವನು ಕಳ್ಳನಾದ. ಲೆಕ್ಕ ಬರೆದು ಹಂಚಿಕೊಂಡದ್ದಕ್ಕೆ ಯುದ್ಧದ ಬಹುಮಾನವೆಂದು ಹೆಸರಾಯಿತು. ಟಿಪ್ಪುವಿನ ಮರದ ಹುಲಿ ಇಂದಿಗೂ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಒಡೆದು ಹಂಚಿದ ಸಿಂಹಾಸನದ ಹುಲಿಯ ತಲೆಯೂ ಹುಮಾ ಪಕ್ಷಿಯೂ ಬ್ರಿಟಿಷ್ ರಾಜಮನೆತನದ ಸಂಗ್ರಹ ಸೇರಿದವು.

ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ಕಾಲಿನ್ಸನ ಕಥೆಯಲ್ಲಿ ಆ ವಜ್ರ ಟಿಪ್ಪುವಿನದೂ ಅಲ್ಲ. ಸೋಮನಾಥನ ಚಂದ್ರದೇವತೆಯ ಹಣೆಯಲ್ಲಿದ್ದದ್ದು ಕೈಯಿಂದ ಕೈಗೆ ಸೂರೆಯಾಗುತ್ತಾ ಅವನ ಆಯುಧಶಾಲೆಗೆ ಬಂದಿತ್ತು. ಕೊನೆಗೆ ಅದು ಮರಳುವುದು ಇಂಗ್ಲಿಷರ ಮನೆಗಲ್ಲ, ಆ ದೇವತೆಗೇ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ, ೧೮೫೭ರ ದಂಗೆಯ ಹನ್ನೊಂದೇ ವರ್ಷಗಳ ನಂತರ, ಒಬ್ಬ ಇಂಗ್ಲಿಷ್ ಲೇಖಕನು ಹೀಗೆ ಕಥೆ ಮುಗಿಸಿದ್ದು ಸಣ್ಣ ಸಂಗತಿಯಲ್ಲ. ಸಾರ್ಜೆಂಟ್ ಕಫ್ ಕೇಳದಿದ್ದ ಪ್ರಶ್ನೆಯನ್ನು ಕಾದಂಬರಿಕಾರನು ಕೇಳಿದ್ದಾನೆ ಎಂದು ಮೊಮ್ಮಗಳಿಗೆ ಹೇಳಿದೆ.

"ಹಾಗಾದರೆ ನಮ್ಮೂರಿಗೆ ಅವನ ಹೆಸರನ್ನು ಇಂಗ್ಲಿಷರೇ ಇಟ್ಟರಾ?" ಎಂದಳು. ಇಲ್ಲಿಯೇ ವಿಚಾರಣೆ ತೊಡಕಾಗುವುದು. ೧೮೦೦ರಲ್ಲಿ ಪೇಟೆಯನ್ನು ಕಟ್ಟಿಸಿದವರು ದಿವಾನ್ ಪೂರ್ಣಯ್ಯನವರು. ಟಿಪ್ಪುವಿನ ಆಡಳಿತದಲ್ಲಿ ಮಂತ್ರಿಯಾಗಿದ್ದವರು, ಅವನ ಪತನಾನಂತರ ಬಾಲಕ ಕೃಷ್ಣರಾಜ ಒಡೆಯರ ದಿವಾನರಾದರು. ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಹೋಗುವ ಹಾದಿ ಇಲ್ಲಿ ದಟ್ಟ ಕಾಡಿನೊಳಗೆ ಸಾಗುತ್ತಿತ್ತು. ದಾರಿಹೋಕರು ನಿರ್ಭಯವಾಗಿ ಓಡಾಡಲೆಂದು ಅವರು ಊರು ಕಟ್ಟಿಸಿ, ರೆಸಿಡೆಂಟನ ಹೆಸರಿಟ್ಟರು. ಅದು ಸ್ನೇಹವೋ, ಮುಲಾಜೋ, ಸೋತ ನಾಡನ್ನು ಉಳಿಸಿಕೊಳ್ಳುವ ಜಾಣತನವೋ, ಒಂದೇ ಮಾತಿನಲ್ಲಿ ತೀರ್ಪು ಕೊಡಲು ನನಗೆ ಮನಸ್ಸಾಗುವುದಿಲ್ಲ. ಜನ ನಿರ್ಭಯವಾಗಿ ನಡೆದದ್ದಂತೂ ಒಳ್ಳೆಯದೇ. ಪತ್ತೇದಾರಿ ಕಥೆಯಲ್ಲಿ ಕಳ್ಳ ಒಬ್ಬನೇ. ಚರಿತ್ರೆಯಲ್ಲಿ ಗೆದ್ದವನ ಪಕ್ಕದಲ್ಲಿ ಲೆಕ್ಕ ಬರೆದವರೂ, ಸುಮ್ಮನಿದ್ದವರೂ, ಮುರಿದದ್ದನ್ನು ಮತ್ತೆ ಕಟ್ಟಿದವರೂ ಇರುತ್ತಾರೆ.

ಸ್ವಾತಂತ್ರ್ಯಾನಂತರ ಊರು ರಾಮನಗರವಾಯಿತು. ಆದರೂ ಭೂವಿಜ್ಞಾನಿಗಳು ನಮ್ಮ ಬಂಡೆಗಳನ್ನು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಕರೆಯುತ್ತಾರೆ. ಸುಮಾರು ೨೫೦ ಕೋಟಿ ವರ್ಷಗಳ ಕಲ್ಲಿಗೆ, ಇನ್ನೂರು ಚಿಲ್ಲರೆ ವರ್ಷಗಳ ಹಿಂದೆ ಬಂದುಹೋದ ಸೈನ್ಯಾಧಿಕಾರಿಯ ಹೆಸರು! ಅದನ್ನು ಅಳಿಸಬೇಕೆಂದು ನಾನು ಹೇಳಲಾರೆ. ಹೆಸರು ಉಳಿದಿರುವಷ್ಟು ಕಾಲ ಯಾರಾದರೊಬ್ಬ ಮಗು ಅದು ಯಾರ ಹೆಸರೆಂದು ಕೇಳೀತು. ಮಾಗಡಿ, ಚನ್ನಪಟ್ಟಣ, ಕನಕಪುರ, ರಾಮನಗರಗಳಲ್ಲಿ ಈಗ ಮಕ್ಕಳಿಗೆ ಪಾಠ ಹೇಳುತ್ತಿರುವ ನನ್ನ ಹಳೆಯ ವಿದ್ಯಾರ್ಥಿಗಳೇ, ಆ ಪ್ರಶ್ನೆ ಬಂದ ದಿನ ಪಠ್ಯಪುಸ್ತಕವನ್ನು ಮುಚ್ಚಿಟ್ಟು, ಮಕ್ಕಳನ್ನು ಬೆಟ್ಟಕ್ಕೆ ಕರೆದುಕೊಂಡು ಹೋಗಿ. ಉತ್ತರವನ್ನು ನೀವೇ ಹೇಳಿಬಿಡಬೇಡಿ, ಅವರು ವಿಚಾರಿಸಲಿ.