ರಕ್ತ ಕೊಟ್ಟ ಮೇಲೆ

ಲ್ಯಾಬಿನಲ್ಲಿ ರಕ್ತ ಕೊಟ್ಟರೆ ಕೆಲಸ ಮುಗಿಯಿತು ಎಂದುಕೊಳ್ಳುತ್ತೇವೆ. ಆದರೆ ಮಳವಳ್ಳಿ, ಮದ್ದೂರಿನಲ್ಲಿ ತೆಗೆದ ರಕ್ತ ಎಷ್ಟೋ ಸಲ ಮಂಡ್ಯಕ್ಕೋ ಬೆಂಗಳೂರಿಗೋ ಪ್ರಯಾಣ ಮಾಡಬೇಕು. ಮಳವಳ್ಳಿಯ ನನ್ನ ನಾದಿನಿಗೆ ಮೆಟ್ಟಿಲು ಹತ್ತಿದರೆ ಏದುಸಿರು. ವರದಿಯಲ್ಲಿ ಮಾತ್ರ ಫೋಲಿಕ್ ಆಮ್ಲ ಭರಪೂರ! ರಕ್ತಕಣಗಳು ದಪ್ಪವಾಗಿವೆ, ಇದು ಹೊಂದುವುದಿಲ್ಲ ಎಂದು ಡಾಕ್ಟರಮ್ಮ ಮಂಡ್ಯದಲ್ಲೇ ಮತ್ತೆ ರಕ್ತ ತೆಗೆಸಿದರು. ಈ ಸಲ ತೀರಾ ಕಡಿಮೆ ಬಂತು.

ಈ ಅಂಶ ರಕ್ತದ ಹಳದಿ ನೀರಿಗಿಂತ, ಅಂದರೆ ಸೀರಮ್‌ಗಿಂತ, ಕೆಂಪು ಕಣಗಳೊಳಗೆ ಎಷ್ಟೋ ಪಟ್ಟು ಹೆಚ್ಚು. ರಭಸದಿಂದ ಎಳೆದು, ಟ್ಯೂಬ್ ಕುಲುಕಿ ಕಣ ಒಡೆದರೆ ಅದೆಲ್ಲ ಸೀರಮ್‌ಗೆ ಸೇರಿ ಸುಳ್ಳು ಲೆಕ್ಕ ಕೊಡುತ್ತದೆ. ಬೆಳಕು, ಸೆಕೆ ತಾಗಿದರೆ ಇದಕ್ಕೆ ತಿರುಗಾಮುರುಗಾ, ಇದ್ದದ್ದೂ ನಾಶವಾಗುತ್ತದೆ. ಸೀರಮ್ ಇಲ್ಲೇ ಬೇರ್ಪಡಿಸುತ್ತೀರಾ, ಐಸ್ ಪೆಟ್ಟಿಗೆಯಲ್ಲಿ ಕಳಿಸುತ್ತೀರಾ ಎಂದು ಕೇಳಿ. ಹಣ ಕೊಡುವವರು ನಾವೇ ತಾನೆ?

ಎರಡನೇ ಮಗುವಿನ ಯೋಚನೆಯಲ್ಲಿದ್ದ ನಾದಿನಿಗೆ ಅಂದೇ ಮಾತ್ರೆ ಶುರುವಾಯಿತು.