ಹೆಬ್ಬೆರಳಿನ ಒತ್ತು

ಸೋಮವಾರ ಆಫೀಸಿನಲ್ಲಿ ಕಾಫಿ ಲೋಟ ಹಿಡಿದಾಗ ನನ್ನ ಬಲಗೈ ಹೆಬ್ಬೆರಳು ಉಳಿದ ಬೆರಳುಗಳಿಗಿಂತ ಕೆಂಪಗಿರುತ್ತದೆ. ಹೊಸದಾಗಿ ಸೇರಿದವರು ಗಾಯವೇ ಎಂದು ವಿಚಾರಿಸುತ್ತಾರೆ. ಹಳಬರು ಕೇಳುವುದನ್ನು ಬಿಟ್ಟಿದ್ದಾರೆ. ಭಾನುವಾರ ಈರುಳ್ಳಿ ಒತ್ತಿರುತ್ತೇನೆ ಎಂದು ಅವರಿಗೆ ಗೊತ್ತು. ಆ ಕೆಂಪು ಅಸಿಟೋಕಾರ್ಮೈನ್‌ನದು. ಪಾಪಾಸುಕಳ್ಳಿಯ ಮೇಲೆ ಬದುಕುವ ಒಂದು ಪುಟ್ಟ ಕೀಟವನ್ನು ಒಣಗಿಸಿ ತೆಗೆದ ಬಣ್ಣವನ್ನು ಅಸಿಟಿಕ್ ಆಮ್ಲದಲ್ಲಿ ಕುದಿಸಿ ಸೋಸಿದರೆ ಅದು ಸಿಗುತ್ತದೆ. ಉಗುರಿನ ಸಂದಿಗೆ ಹೊಕ್ಕರೆ ಯಾವ ಸೋಪಿಗೂ ಜಗ್ಗುವುದಿಲ್ಲ.

ನನ್ನ ಹೊಟ್ಟೆಪಾಡು ಎಲೆಕ್ಟ್ರಾನಿಕ್ ಸಿಟಿಯ ಒಂದು ಗಾಜಿನ ಕಟ್ಟಡದಲ್ಲಿ. ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರ. ಅವುಗಳ ಕೋಟಿಗಟ್ಟಲೆ ಉದ್ದದ ಸಾಲು. ಎಲ್ಲಿ ಯಾವ ಅಕ್ಷರ ಪಲ್ಲಟವಾಗಿದೆ ಎಂದು ಹುಡುಕುವ ಪ್ರೋಗ್ರಾಮು. ಯಾರದೋ ರಕ್ತ ಎಲ್ಲೋ ಒಂದು ಯಂತ್ರ ಹೊಕ್ಕು ನನ್ನ ಪರದೆಗೆ ಬರುವ ಹೊತ್ತಿಗೆ ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಪಸೆಯೂ ಇಲ್ಲ. ದೂರುತ್ತಿಲ್ಲ, ಸಂಬಳ ಕೊಡುವ ಕೆಲಸವನ್ನು ಅಚ್ಚಿನಲ್ಲಿ ಬೈಯುವಷ್ಟು ಧೈರ್ಯ ನನಗಿಲ್ಲ. ಆದರೆ ದಿನವಿಡೀ ವಂಶವಾಹಿಯದೇ ಮಾತಾಡುವ ನಮ್ಮ ಮಹಡಿಯಲ್ಲಿ ಒಂದು ವರ್ಣತಂತುವನ್ನು ಕಣ್ಣಾರೆ ಕಂಡವರು ಎಷ್ಟು ಜನ? ಪಿಯುಸಿ ಪ್ರಾಕ್ಟಿಕಲ್‌ನಲ್ಲಿ ಕಂಡಿದ್ದೆವು ಎನ್ನುತ್ತಾರೆ. ಬಿಡಿಸಿ ಕೇಳಿದರೆ ಮೇಷ್ಟ್ರು ಮೊದಲೇ ಮಾಡಿಟ್ಟ ಸ್ಲೈಡಿಗೆ ಕಣ್ಣಿಟ್ಟು, ರೆಕಾರ್ಡ್ ಪುಸ್ತಕದಲ್ಲಿ ಗೈಡಿನ ಚಿತ್ರ ಬರೆದದ್ದು ಹೊರಬೀಳುತ್ತದೆ.

ವರ್ಣತಂತು ಕಾಣಲು ಬೇಕಾದ ಸಾಮಾನು ಕೊಂಚವೇ. ಅಂಬಾಲದಲ್ಲಿ ತಯಾರಾದ, ಕಾಲೇಜುಗಳಲ್ಲಿ ಕಾಣುವಂಥದೇ ಒಂದು ಮೈಕ್ರೋಸ್ಕೋಪು. ಒಂದು ಸ್ಪಿರಿಟ್ ದೀಪ. ಬಾಯಿ ಕಿರಿದಾದ ಬಾಟಲಿಗಳು. ಒಂದೊಂದರ ಮೇಲೂ ಬುಡ ಮಾತ್ರ ನೀರಿಗೆ ಸೋಕುವಂತೆ ಕೂರಿಸಿದ ಈರುಳ್ಳಿ. ಚಿಕ್ಕಬಳ್ಳಾಪುರದ ಕಡೆಯಿಂದ ಬರುವ ಗುಲಾಬಿ ಈರುಳ್ಳಿ ನನಗೆ ಇಷ್ಟ. ಗಾತ್ರ ಚಿಕ್ಕದು, ಕಿಟಕಿಯಲ್ಲಿ ಹೆಚ್ಚು ಹಿಡಿಸುತ್ತದೆ. ಒಣಬೇರನ್ನು ಬ್ಲೇಡಿನಿಂದ ಹೆರೆದು ಕೂರಿಸಿದರೆ ಕೆಲವೇ ದಿನಗಳಲ್ಲಿ ಬಿಳಿ ಬೇರು ಇಳಿಯುತ್ತದೆ.

'ಸಾಂಬಾರಿಗೆ ಈರುಳ್ಳಿ ಇಲ್ಲ ಅಂತ ನಾನು ಅಂಗಡಿಗೆ ಓಡೋದು, ನೀನು ಕಿಟಕಿ ತುಂಬ ಕೂರಿಸಿಕೊಂಡು ಪೂಜೆ ಮಾಡೋದು' ಎನ್ನುತ್ತಾರೆ ಅಮ್ಮ.

ಬೆಳಗ್ಗೆ ಬೇರಿನ ತುದಿಗಳನ್ನು ಕತ್ತರಿಸಿ, ಮೂರು ಪಾಲು ಆಲ್ಕೋಹಾಲಿಗೆ ಒಂದು ಪಾಲು ಅಸಿಟಿಕ್ ಆಮ್ಲ ಬೆರೆಸಿದ ದ್ರವದಲ್ಲಿ ಒಂದು ದಿನ ಮುಳುಗಿಸಿಡಬೇಕು. ಪ್ರತಿ ಜೀವಕೋಶವೂ ಆ ಗಳಿಗೆಯಲ್ಲಿ ಏನು ಮಾಡುತ್ತಿತ್ತೋ ಅಲ್ಲಿಗೇ ನಿಂತುಬಿಡುತ್ತದೆ. ಆಮೇಲೆ ಎರಡು ಮೂರು ಹನಿ ಬಣ್ಣ, ಒಂದು ಹನಿ ತೆಳು ಹೈಡ್ರೋಕ್ಲೋರಿಕ್ ಆಮ್ಲ, ದೀಪದ ಮೇಲೆ ತುಸು ಬಿಸಿ. ಕುದಿಯಬಾರದು, ಅಂಗೈ ಹಿಂಬದಿಗೆ ಮುಟ್ಟಿಸಿದರೆ ಸಹಿಸುವಷ್ಟಿರಬೇಕು. ಬೇರಿನ ತುತ್ತತುದಿಯ ಎರಡು ಮಿಲಿಮೀಟರು ಕಡುಗೆಂಪಾಗುತ್ತದೆ, ಮೇಲಿನದು ತೆಳುವಾಗಿ ಉಳಿಯುತ್ತದೆ. ಕೋಶಗಳು ಭರದಿಂದ ಒಡೆದು ಎರಡಾಗುವುದು ಆ ಎರಡು ಮಿಲಿಮೀಟರಿನಲ್ಲೇ, ಹಾಗಾಗಿ ಉಳಿದದ್ದನ್ನು ಕತ್ತರಿಸಿ ಎಸೆಯಬಹುದು.

ಮುಂದಿನದು ಹೆಬ್ಬೆರಳಿನ ಕೆಲಸ. ತುದಿಯನ್ನು ಗಾಜಿನ ಮೇಲಿಟ್ಟು, ಮೇಲೊಂದು ತೆಳು ಗಾಜಿನ ಬಿಲ್ಲೆ ಮುಚ್ಚಿ, ಬೆಂಕಿಕಡ್ಡಿಯ ತುದಿಯಿಂದ ಮೆಲ್ಲಗೆ ತಟ್ಟಬೇಕು. ಕೆಂಪು ಚುಕ್ಕೆ ಸಡಿಲಾಗಿ ಹರಡುತ್ತದೆ. ಬಳಿಕ ಒತ್ತುಕಾಗದ ಮಡಚಿ ಹೊದಿಸಿ ಹೆಬ್ಬೆರಳಿಟ್ಟು ನೇರ ಕೆಳಕ್ಕೆ ಒತ್ತು ಹಾಕಬೇಕು. ಕೂದಲೆಳೆಯಷ್ಟು ಪಕ್ಕಕ್ಕೆ ಜಾರಿದರೂ ಕೋಶಗಳು ಹೊಸೆದುಕೊಂಡು ಎಳೆಯಾಗುತ್ತವೆ. ಕಡಿಮೆಯಾದರೆ ಒಂದರ ಮೇಲೊಂದು ಕುಳಿತು ಕಗ್ಗಂಟು. ಹೆಚ್ಚಾದರೆ ಕೋಶ ಸಿಡಿದು ವರ್ಣತಂತುಗಳು ದಿಕ್ಕಾಪಾಲು. ಯಾವುದು ಯಾವ ಮನೆಯದೆಂದು ಪತ್ತೆಯಿಲ್ಲ. ಎಷ್ಟು ಭಾರ ಎಂದು ಯಾವ ಪುಸ್ತಕವೂ ಗ್ರಾಂ ಲೆಕ್ಕದಲ್ಲಿ ಹೇಳುವುದಿಲ್ಲ. ಬೆರಳಿನ ತುದಿಗೆ ಗಾಜು ತುಸುವೇ 'ಕೂತ'ದ್ದು ತಿಳಿಯುತ್ತದೆ. ಅಲ್ಲಿಗೆ ನಿಲ್ಲಿಸಬೇಕು.

ಒತ್ತು ಸರಿಯಾಗಿದ್ದ ದಿನ 45ರ ಲೆನ್ಸಿನ ಕೆಳಗೆ ನೋಡುವುದೇ ಒಂದು ಸುಖ. ಹೆಚ್ಚಿನ ಕೋಶಗಳು ಮಂಕಾಗಿ ಸುಮ್ಮನಿರುತ್ತವೆ. ನಡುವೆ ಒಂದರಲ್ಲಿ ಹದಿನಾರು ದಪ್ಪ ಕೆಂಪು ದಾರಗಳು ನಟ್ಟನಡುವೆ ಸಾಲುಗಟ್ಟಿವೆ. ಪಕ್ಕದ ಇನ್ನೊಂದರಲ್ಲಿ ಆ ಸಾಲು ಸೀಳಿ, ದಾರಗಳು ಎರಡು ತಂಡವಾಗಿ, ನಡು ಮುಂದೆ ತುದಿ ಹಿಂದೆ ಮಾಡಿಕೊಂಡು ಎರಡು ದಿಕ್ಕಿಗೆ ಎಳೆಯಲ್ಪಡುತ್ತಿವೆ. ಮತ್ತೊಂದರಲ್ಲಿ ನಡುವೆ ಗೋಡೆ ಏಳುತ್ತಿದೆ. ಈರುಳ್ಳಿಯನ್ನು ವಿದ್ಯಾರ್ಥಿಗಳಿಗೆ ಕೊಡುವುದು ಅಗ್ಗವೆಂದು ಮಾತ್ರವಲ್ಲ. ಅದರ ವರ್ಣತಂತುಗಳೇ ದೊಡ್ಡವು. ಜೀನೋಮಿನ ಒಂದು ಪ್ರತಿಯಲ್ಲಿ ಸುಮಾರು 1,600 ಕೋಟಿ ಅಕ್ಷರ, ನಮ್ಮದರ ಐದು ಪಟ್ಟು. ಹೆಚ್ಚುವಾಗ ಇದು ನೆನಪಾದರೆ ಕಣ್ಣೀರಿಗೆ ಇನ್ನೊಂದು ಕಾರಣ ಸಿಗುತ್ತದೆ.

ಮನುಷ್ಯನ ಲೆಕ್ಕ ಸರಿಹೋದದ್ದೂ ಈರುಳ್ಳಿಯವರ ಕೈಯಿಂದಲೇ ಎಂಬುದು ನನ್ನ ಹೆಮ್ಮೆ. 1923ರಲ್ಲಿ ಟೆಕ್ಸಾಸಿನ ಥಿಯೋಫಿಲಸ್ ಪೇಂಟರ್ ಮನುಷ್ಯನಿಗೆ 48 ವರ್ಣತಂತು ಎಂದು ಬರೆದರು. ತೆಳುವಾಗಿ ಕೊಯ್ದ ಅಂಗಾಂಶದಲ್ಲಿ ಒತ್ತಾಗಿ ಬಿದ್ದಿದ್ದ ಗುಂಪನ್ನು ಎಣಿಸಿದ್ದರು. ಮುಂದಿನ ಮೂವತ್ತು ವರ್ಷ ಎಲ್ಲರಿಗೂ 48 ಕಂಡಿತು, ಪುಸ್ತಕದಲ್ಲಿ 48 ಎಂದು ಇತ್ತಲ್ಲ! 1956ರಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ಜೋ ಹಿನ್ ತ್ಜಿಯೋ ಮತ್ತು ಆಲ್ಬರ್ಟ್ ಲೆವಾನ್ 46 ಎಂದು ತೋರಿಸಿಕೊಟ್ಟರು. ತ್ಜಿಯೋ ಜಾವಾದಲ್ಲಿ ಹುಟ್ಟಿ ಗಿಡಗಳ ವರ್ಣತಂತುಗಳಲ್ಲಿ ಕೈ ಪಳಗಿಸಿಕೊಂಡವರು. ಲೆವಾನ್ ಅಂತೂ ಈರುಳ್ಳಿ ಬೇರಿನ ತಜ್ಞ. ಕಾಲ್ಚಿಸಿನ್ ಹಾಕಿ ವಿಭಜನೆಯನ್ನು ನಡುದಾರಿಯಲ್ಲಿ ತಡೆಯುವುದು, ಆಮೇಲೆ ಒತ್ತಿ ಹರಡುವುದು: ಗಿಡದವರ ಕೈಚಳಕ ಮನುಷ್ಯನ ಕೋಶಕ್ಕೂ ಒದಗಿತು. ಗೌರಿ ಹಬ್ಬದ ಹೊತ್ತಿಗೆ ಬೇಲಿಗಳಲ್ಲಿ ಅರಳುವ ಅಗ್ನಿಶಿಖೆಯ ಗೆಡ್ಡೆಯಲ್ಲೂ ಇದೇ ಕಾಲ್ಚಿಸಿನ್ ಇದೆ. ಹಾಗೆಂದು ಯಾರೂ ಅಗೆಯಲು ಹೋಗಬೇಡಿ, ಅದು ಕಡುವಿಷ.

ಇದೇ ಲೆವಾನ್ 1938ರಲ್ಲಿ ಕಾಲ್ಚಿಸಿನ್ ಈರುಳ್ಳಿ ಬೇರಿಗೆ ಏನು ಮಾಡುತ್ತದೆ ಎಂದು ಬರೆದಿದ್ದರು. ನೀರಿನಲ್ಲಿ ವಿಷವಿದೆಯೇ ಎಂದು ಈರುಳ್ಳಿಯನ್ನೇ ಕೇಳುವ ಪರೀಕ್ಷೆ ಅಲ್ಲಿಂದ ಬೆಳೆಯಿತು. ಅದನ್ನು ನಮ್ಮ ಮನೆಗೆ ತಂದವನು ಪೀಣ್ಯ ಎರಡನೇ ಹಂತದಲ್ಲಿ ಲೇತ್ ಇಟ್ಟುಕೊಂಡಿರುವ ನನ್ನ ಭಾವಮೈದುನ. ಒಂದು ಭಾನುವಾರ ಪ್ಲಾಸ್ಟಿಕ್ ಬಾಟಲಿ ಹಿಡಿದು ಬಂದ. 'ಭಾವ, ನಿಮ್ಮ ಈರುಳ್ಳಿಗೆ ನಮ್ಮ ಕಡೆ ಮೋರಿ ನೀರು ಕುಡಿಸಿ. ಏನಂತದೆ ನೋಡೋಣ.' ಪೀಣ್ಯವೆಂದರೆ ಲೋಹದ ಊರು. ಕ್ರೋಮಿಯಂ, ನಿಕ್ಕಲ್ ಲೇಪನದ ಕೆಲಸ ಅಲ್ಲಿ ಯಥೇಚ್ಛ. ಕಾವೇರಿ ನೀರಿನ ಬಾಟಲಿಯಲ್ಲಿ ಬೇರು ಉದ್ದಕ್ಕೆ ಇಳಿಯಿತು. ಮೋರಿ ನೀರಿನದು ಮೊಳೆತಂತೆ ಮಾಡಿ ತುದಿ ಕಂದಾಗಿ ನಿಂತಿತು. ಒತ್ತಿ ನೋಡಿದರೆ ಎರಡು ಕಡೆಗೆ ಸರಿಯುವ ತಂಡಗಳ ನಡುವೆ ಒಂದು ತಂತು ಅಂಟಿಕೊಂಡು ಸೇತುವೆಯಾಗಿದೆ. ಒಂದೆರಡು ತುಂಡು ಯಾವ ಕಡೆಗೂ ಸೇರದೆ ಹಿಂದುಳಿದಿವೆ. ಭಾವಮೈದುನ ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. ಆಮೇಲೆ ಮೊಬೈಲನ್ನು ಐಪೀಸಿಗೆ ಆನಿಸಿ ಫೋಟೋ ಹೊಡೆದು ತನ್ನ ಪಕ್ಕದ ಶೆಡ್ಡಿನವರಿಗೆಲ್ಲ ಕಳಿಸಿದ.

ಮುಂದಿನ ಸ್ಲೈಡು ತಾನೇ ಒತ್ತುತ್ತೇನೆ ಎಂದು ಕುಳಿತ. ಮೊದಲ ಒತ್ತಿಗೇ ಕೋಶಗಳು ಒಂದರ ಮೇಲೊಂದು ಬೀಳದಂತೆ ಹರಡಿದವು. ನೂರನೇ ಒಂದು ಮಿಲಿಮೀಟರನ್ನು ಬೆರಳಲ್ಲೇ ಸವರಿ ಹೇಳುವ ಕೈ ಅದು. ನನಗೆ ಹೊಟ್ಟೆಕಿಚ್ಚಾಯಿತು. ಬೆಂಗಳೂರಿನ ಜೀವವಿಜ್ಞಾನದ ಪ್ರಯೋಗಾಲಯಗಳು ಕೆಲಸಕ್ಕೆ ಆಳು ಹುಡುಕುವಾಗ ಪೀಣ್ಯದ ಕಡೆಗೂ ಒಮ್ಮೆ ನೋಡಬೇಕು.

ಈರುಳ್ಳಿಯ ಮೇಲೆ ಎಷ್ಟೇ ಪ್ರೀತಿಯಿದ್ದರೂ ಒಂದು ಮಾತು ಒಪ್ಪಲೇಬೇಕು. ಅದರಲ್ಲಿ ವಂಶವಾಹಿ ಕೆಲಸ ಮಾಡುವುದು ಕಾಣುವುದಿಲ್ಲ. ದಾರ ಸುತ್ತಿ, ಗಂಟು ಕಟ್ಟಿ, ಮನೆ ಬದಲಾಯಿಸುವುದಷ್ಟೇ ಕಾಣುತ್ತದೆ. ಕೆಲಸ ನೋಡಬೇಕಾದರೆ ಕೆಂಪು ಹುಳ ಬೇಕು. ಅದನ್ನು ನಮ್ಮ ಅಪಾರ್ಟ್‌ಮೆಂಟಿನ ನೀರಿನ ಟ್ಯಾಂಕು ಪುಕ್ಕಟೆಯಾಗಿ ಒದಗಿಸುತ್ತದೆ.

ವರ್ಷಕ್ಕೊಮ್ಮೆಯಾದರೂ ವಾಟ್ಸಾಪ್ ಗುಂಪಿನಲ್ಲಿ ಕೂಗು ಏಳುತ್ತದೆ: ನಲ್ಲಿಯಲ್ಲಿ ಕೆಂಪು ಹುಳ! ಟ್ಯಾಂಕರಿನವನನ್ನು ಬೈಯುತ್ತಾರೆ, ಬೋರ್‌ವೆಲ್ಲನ್ನು ಬೈಯುತ್ತಾರೆ, ಕಾರ್ಯದರ್ಶಿಯನ್ನು ಬೈಯುತ್ತಾರೆ. ಸಮಾಧಾನವಾಗಲಿ ಎಂದು ನಾನು ಬರೆದೆ: 'ಇದು ಕೈರೊನೊಮಸ್ ಎಂಬ ಕಚ್ಚದ ನೊಣದ ಮರಿ. ರಕ್ತ ಕುಡಿದು ಕೆಂಪಾದದ್ದಲ್ಲ. ಆಮ್ಲಜನಕ ಕಡಿಮೆ ಇರುವ ಕೆಸರಿನಲ್ಲಿ ಬದುಕಲು ಅದಕ್ಕೂ ನಮ್ಮ ಹಾಗೆ ಹಿಮೋಗ್ಲೋಬಿನ್ ಇದೆ.' ಯಾರಿಗೂ ಸಮಾಧಾನವಾಗಲಿಲ್ಲ. ಮೂರನೇ ಮಹಡಿಯ, ಎರಡನೇ ಪಿಯುಸಿ ಓದುವ ಹುಡುಗಿ ಮಾತ್ರ ಡಬ್ಬಿಯಲ್ಲಿ ನಾಲ್ಕು ಹುಳ ಹಿಡಿದು ಬಂದಳು. 'ಅಂಕಲ್, ಇದರಲ್ಲಿ ಏನೋ ಕಾಣತ್ತೆ ಅಂದ್ರಲ್ಲ?'

ಬೆಳೆದ ಮರಿಯನ್ನು ಒಂದು ಹನಿ ಉಪ್ಪುನೀರಿನಲ್ಲಿಟ್ಟು ಒಂದು ಸೂಜಿಯಿಂದ ಮೈ, ಇನ್ನೊಂದರಿಂದ ತಲೆ ಹಿಡಿದು ಎಳೆದರೆ ತಲೆಯ ಜೊತೆ ಗಾಜಿನಷ್ಟು ತಿಳಿಯಾದ ಎರಡು ಜೊಲ್ಲು ಗ್ರಂಥಿಗಳು ಬರುತ್ತವೆ. ಅವುಗಳ ಕೋಶಗಳು ಭಾರಿ ದೊಡ್ಡವು. ಬಣ್ಣ ಹಾಕಿ ಹತ್ತು ನಿಮಿಷ ಕಾದು ಒತ್ತಿದರೆ ಸಣ್ಣ ಲೆನ್ಸಿಗೇ ಕಾಣುತ್ತವೆ, ಅಡ್ಡಪಟ್ಟೆ ಹೊತ್ತ ದೈತ್ಯ ವರ್ಣತಂತುಗಳು. ಇಲ್ಲಿ ಡಿಎನ್‌ಎ ಮತ್ತೆ ಮತ್ತೆ ನಕಲಾಗುತ್ತದೆ, ಕೋಶ ಮಾತ್ರ ಒಡೆಯುವುದಿಲ್ಲ, ನಕಲುಗಳೂ ಅಗಲುವುದಿಲ್ಲ. ಸಾವಿರಾರು ಎಳೆ ಒಂದಕ್ಕೊಂದು ತಾಗಿಕೊಂಡು ಉಳಿಯುತ್ತವೆ. ರೇಷ್ಮೆ ಲಡಿಯ ಎಳೆಗಳನ್ನು ಸಮಸಮವಾಗಿ ಜೋಡಿಸಿ ಅಲ್ಲಲ್ಲಿ ಕಟ್ಟಿ ಬಣ್ಣಕ್ಕದ್ದಿದರೆ ಪಟ್ಟೆ ಮೂಡುವುದಿಲ್ಲವೇ, ಹಾಗೆ. ಒಂದೇ ಎಳೆಯಲ್ಲಿ ಕಾಣದ ಗುರುತು ಸಾವಿರ ಎಳೆಗಳಲ್ಲಿ ಒಂದೇ ಜಾಗಕ್ಕೆ ಬಂದು ಗೆರೆಯಾಗುತ್ತದೆ. 1881ರಲ್ಲಿ ಬಾಲ್ಬಿಯಾನಿ ಎಂಬ ವಿಜ್ಞಾನಿ ಇದನ್ನು ಇದೇ ಹುಳದಲ್ಲಿ ಕಂಡರು. ಏನೆಂದು ಅವರಿಗೂ ಹೊಳೆಯಲಿಲ್ಲ, ಉಳಿದವರಿಗೂ ಅರ್ಧ ಶತಮಾನ ಹೊಳೆಯಲಿಲ್ಲ. 1933ರಲ್ಲಿ ಹಣ್ಣಿನ ನೊಣದ ಗ್ರಂಥಿಯಲ್ಲಿ ಆ ಪಟ್ಟೆಗಳನ್ನು ವಂಶವಾಹಿಗಳ ನಕ್ಷೆಗೆ ಹೊಂದಿಸಿದವರಲ್ಲಿ ಮುಖ್ಯರು ಅದೇ ಪೇಂಟರ್. 48ರ ಸಾಲವನ್ನು ಬಡ್ಡಿ ಸಮೇತ ತೀರಿಸಿದರು ಎನ್ನುವುದು ನನ್ನ ತೀರ್ಪು.

'ಇಲ್ಲಿ ಯಾಕೆ ಊದಿಕೊಂಡಿದೆ ಅಂಕಲ್?' ಹುಡುಗಿ ಸರಿಯಾದ ಜಾಗಕ್ಕೇ ಬಂದಿದ್ದಳು. ಪಟ್ಟೆ ಕದಡಿ, ತಂತುವಿನ ಸುತ್ತ ಉಂಗುರದಂತೆ ಉಬ್ಬಿದ ಆ ಜಾಗಕ್ಕೆ ಬಾಲ್ಬಿಯಾನಿಯದೇ ಹೆಸರು. ಅಲ್ಲಿ ಎಳೆಗಳು ಬಿಚ್ಚಿಕೊಂಡಿವೆ, ವಂಶವಾಹಿಯಿಂದ ಆರ್‌ಎನ್‌ಎ ಬರೆಯಲ್ಪಡುತ್ತಿದೆ, ಅದರಿಂದ ಅಂಟಿನಂಥ ಒಂದು ಪ್ರೋಟೀನು ಆಗುತ್ತದೆ. ಆ ಅಂಟುನೂಲಿನಿಂದಲೇ ಹುಳ ಕೆಸರಿನ ಕಣಗಳನ್ನು ಸೇರಿಸಿ ತನ್ನ ಕೊಳವೆಮನೆ ಕಟ್ಟುವುದು. ಅದೇ ವಂಶವಾಹಿ ಹುಳದ ಕರುಳಿನಲ್ಲೂ ಇದೆ, ಚರ್ಮದಲ್ಲೂ ಇದೆ. ತೆರೆದುಕೊಳ್ಳುವುದು ಜೊಲ್ಲು ಗ್ರಂಥಿಯಲ್ಲಿ. ವೈಟ್‌ಫೀಲ್ಡಿನ ಐಟಿಪಿಎಲ್‌ನಲ್ಲಿರುವ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್‌ನವರು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಜೊತೆಗೂಡಿ 2014ರಲ್ಲಿ ಮನುಷ್ಯನ ಪ್ರೋಟೀನುಗಳ ಕರಡು ನಕ್ಷೆ ಪ್ರಕಟಿಸಿದಾಗ ಬೆನ್ನುಹತ್ತಿದ್ದೂ ಇದೇ ಪ್ರಶ್ನೆಯನ್ನು. ಮೂವತ್ತು ಬಗೆಯ ಅಂಗಾಂಶ ಮತ್ತು ಕೋಶಗಳಲ್ಲಿ ಯಾವ ವಂಶವಾಹಿ ಎಲ್ಲಿ ಪ್ರೋಟೀನಾಗುತ್ತದೆ ಎಂದು ನೋಡಿ, 17,294 ವಂಶವಾಹಿಗಳ ಗುರುತು ಹಿಡಿದರು. ಅಲ್ಲಿ ದೊಡ್ಡ ದೊಡ್ಡ ಯಂತ್ರ ಹೇಳಿದ್ದನ್ನು ಇಲ್ಲಿ ಒಂದು ಉಬ್ಬು ಹೇಳುತ್ತದೆ. ಒಂದೇ ವಂಶವಾಹಿಯದಾದರೂ ಕಣ್ಣೆದುರಿಗೆ ಹೇಳುತ್ತದೆ.

ಅಂಥ ಉಬ್ಬನ್ನು ಬೇಕೆಂದಾಗ ಏಳಿಸಬಹುದು ಎಂದು ಕ್ಲೆವರ್ ಮತ್ತು ಕಾರ್ಲ್‌ಸನ್ ಎಂಬ ವಿಜ್ಞಾನಿಗಳು 1960ರಲ್ಲಿ ತೋರಿಸಿದರು. ಪೊರೆ ಕಳಚಲು ಹೇಳುವ ಎಕ್ಡೈಸೋನ್ ಹಾರ್ಮೋನನ್ನು ಹುಳಕ್ಕೆ ಚುಚ್ಚಿದ ಗಂಟೆಯೊಳಗೆ ಹೊಸ ಜಾಗದಲ್ಲಿ ಉಬ್ಬು ಎದ್ದಿತು. ಆ ಹಾರ್ಮೋನು ಮೊದಲು ಕೈಗೆ ಸಿಕ್ಕಿದ್ದು 1954ರಲ್ಲಿ: 500 ಕಿಲೋ ರೇಷ್ಮೆಹುಳದ ಪ್ಯೂಪಾದಿಂದ 25 ಮಿಲಿಗ್ರಾಂ. ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದಾಗ ಈ ಲೆಕ್ಕ ನೆನೆಯುತ್ತೇನೆ. ಅಷ್ಟು ಹುಳ, ಇಷ್ಟು ಫಲ. ನಮ್ಮ ಪ್ರಯಾಣ ಅದಕ್ಕಿಂತ ವಾಸಿ.

ಎಲ್ಲವನ್ನೂ ಒತ್ತಿ ನೋಡಲಾಗದು ಎಂಬುದು ಹಳದಿ ಮಾರ್ಗದ ಮೆಟ್ರೋದಲ್ಲಿ 'ಬಯೋಕಾನ್ ಹೆಬ್ಬಗೋಡಿ' ಎಂಬ ಘೋಷಣೆ ಕೇಳಿದಾಗಲೆಲ್ಲ ಚುಚ್ಚುತ್ತದೆ. ಪರಂಗಿಯ ಪಪೇನ್ ಕಿಣ್ವದಿಂದ 1978ರಲ್ಲಿ ಶುರುವಾದ ಆ ಸಂಸ್ಥೆ 2004ರಲ್ಲಿ ಪಿಚಿಯಾ ಎಂಬ ಯೀಸ್ಟಿನಲ್ಲಿ ತಯಾರಿಸಿದ ಮಾನವ ಇನ್ಸುಲಿನ್ ತಂದಿತು. ಇನ್ಸುಲಿನ್ನಿನ 51 ಅಮೈನೋ ಆಮ್ಲಗಳಿಗೆ 153 ಅಕ್ಷರ ಸಾಕು. ಆ ಯೀಸ್ಟಿಗಿರುವುದೂ ನಾಲ್ಕೇ ವರ್ಣತಂತು, ಆದರೆ ಎಂಥ ಹೆಬ್ಬೆರಳಿಗೂ ಎಟುಕದಷ್ಟು ಸಣ್ಣವು. ನನ್ನ ತಂದೆ ದಿನಾ ಚುಚ್ಚಿಕೊಳ್ಳುವ ಇನ್ಸುಲಿನ್ನಿನ ತವರನ್ನು ಅವರಿಗೆ ಲೆನ್ಸಿನಲ್ಲಿ ತೋರಿಸುವ ಆಸೆ ಕೈಗೂಡುವಂಥದ್ದಲ್ಲ. ಹೋಗಲಿ ಎಂದು ಹುಳದ್ದು ತೋರಿಸಿದೆ. 'ಚೆನ್ನಾಗಿದೆ, ಕೈ ತೊಳಕೊಂಡು ಊಟಕ್ಕೆ ಬಾ' ಎಂದರು.

ಹುಡುಗಿ ಈಗ ನನಗಿಂತ ಚುರುಕಾಗಿ ಗ್ರಂಥಿ ಎಳೆಯುತ್ತಾಳೆ. ಪರೀಕ್ಷೆಗೆ ಇದು ಬರುವುದಿಲ್ಲ ಎಂದು ಗೊತ್ತಾದ ಮೇಲೂ ಬರುತ್ತಾಳೆ. ಕಷ್ಟವೆಂದರೆ, ಸಂಘದವರು ಬರುವ ಶನಿವಾರ ಟ್ಯಾಂಕು ತೊಳೆಸಲು ತೀರ್ಮಾನಿಸಿದ್ದಾರೆ. ತೊಳೆಯುವವರಿಗೆ ಫೋನು ಮಾಡಿ, ತಳದ ಕೆಸರು ಚೆಲ್ಲುವ ಮೊದಲು ಒಂದು ಮಗ್ಗು ನನಗೆ ಎತ್ತಿಡಿ ಎಂದು ಕೇಳಿಕೊಂಡೆ. ಆ ಕಡೆ ಒಂದು ಗಳಿಗೆ ಮಾತಿಲ್ಲ. 'ಮಗ್ಗು ಯಾಕೆ ಸಾರ್, ಬಕೆಟ್ಟೇ ತಗೊಂಡು ಬನ್ನಿ' ಎಂದರು.